ಹೊನ್ನೆಕೊಪ್ಪದ ಪೇಟೆಬೀದಿಯೂ ಶ್ರೀ ದುಗ್ಗಪ್ಪನವರೂ

ಮಲೆನಾಡಿನ ಸಣ್ಣ ಪೇಟೆಗಳ ಪುರಸಭೆಗಳಿಗೆ ಮುಖ್ಯಾಧಿಕಾರಿಗಳಾಗಿ ಬರುವವರಲ್ಲಿ ಸಾಮಾನ್ಯವಾಗಿ ಎರಡು ಬಗೆ. ಸದಸ್ಯರು ತೋರಿಸಿದ ಜಾಗದಲ್ಲಿ ರುಜು ಹಾಕಿ, ವರ್ಗವಾದ ದಿನ ಹಾರ ಹಾಕಿಸಿಕೊಂಡು ಹೋಗುವವರು ಒಂದು ಬಗೆ. ಸದಸ್ಯರೊಡನೆ ಜಗಳವಾಡಿ ಹಾರವಿಲ್ಲದೆ ಹೋಗುವವರು ಇನ್ನೊಂದು ಬಗೆ. ಜಗಳವನ್ನೂ ಆಡದೆ, ಹಾಕಬಾರದ ಕಡೆ ರುಜುವನ್ನೂ ಹಾಕದೆ, ಕೊನೆಗೆ ಹಾರವನ್ನೂ ಹಾಕಿಸಿಕೊಂಡು ನಿವೃತ್ತರಾದವರು ನಾನು ಕಂಡಂತೆ ಶ್ರೀ ದುಗ್ಗಪ್ಪನವರೊಬ್ಬರೇ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಪೇಟೆಗಳ ಆಡಳಿತದ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ ಅವರ ಹೆಸರನ್ನು ಬಿಟ್ಟು ಬರೆಯುವುದು ಕಷ್ಟವೆಂದು ನನಗೆ ತೋರುತ್ತದೆ.

ಅವರ ಅಭಿನಂದನ ಗ್ರಂಥದ ಸಮಿತಿಯವರು ನನ್ನ ಬಟ್ಟೆ ಅಂಗಡಿಗೆ ಬಂದು ಲೇಖನ ಕೇಳಿದಾಗ ಅವರು ಅಂಗಡಿ ತಪ್ಪಿ ಬಂದಿರಬೇಕೆಂದು ನಾನು ಭಾವಿಸಿದೆ. ದುಗ್ಗಪ್ಪನವರು ನಮ್ಮೂರಿನ ಪುರಸಭೆಯಲ್ಲಿದ್ದ ಅಷ್ಟೂ ಕಾಲ ನಾನು ಸದಸ್ಯನಾಗಿದ್ದೆ, ಮತ್ತು ಅದರಲ್ಲಿ ಬಹುಪಾಲು ಅವರ ವಿರುದ್ಧವೇ ಕೈ ಎತ್ತಿದ್ದೆ. ಅವರನ್ನು ಬೇರೆ ಊರಿಗೆ ವರ್ಗ ಮಾಡಬೇಕೆಂದು ಸಭೆ ಒಮ್ಮೆ ನಿರ್ಣಯ ಮಾಡಿದಾಗ ಅದನ್ನು ಅನುಮೋದಿಸಿದವನು ನಾನೇ. ಇದನ್ನು ಸಮಿತಿಯವರಿಗೆ ನೆನಪಿಸಿದೆ. "ಗೊತ್ತು. ದುಗ್ಗಪ್ಪ ಸಾಹೇಬ್ರೇ ನಿಮ್ಮ ಹೆಸರು ಹೇಳಿದ್ದು. ಹೊಗಳೋರು ಬೇಕಾದಷ್ಟು ಜನ ಇದಾರೆ, ನಡೆದದ್ದು ಬರೆಯೋಕೆ ನಾರಾಯಣಮೂರ್ತಿ ಇರ್ಲಿ ಅಂದ್ರು," ಎಂದು ಉತ್ತರ ಬಂತು. ಆದ್ದರಿಂದ ಇಲ್ಲಿ ಹೊಗಳಿಕೆ ಕಡಿಮೆಯಾದರೆ ಅದಕ್ಕೆ ಹೊಣೆ ಸನ್ಮಾನಿತರದೇ.

ಹೊಸನಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಗೇಣಿ ಮಾಡಿಕೊಂಡಿದ್ದ ಮಾಸ್ತಪ್ಪ ಮತ್ತು ಕೆರಿಯಮ್ಮ ದಂಪತಿಗಳ ಹಿರಿಯ ಮಗನಾಗಿ ಹುಟ್ಟಿದ ದುಗ್ಗಪ್ಪನವರು, ತೀರ್ಥಹಳ್ಳಿಯಲ್ಲಿ ಪರಿಚಿತರೊಬ್ಬರ ಮನೆಯಲ್ಲಿದ್ದುಕೊಂಡು ಓದಿದರು. ಅದೇ ಊರಿನ ಮುನಿಸಿಪಾಲಿಟಿಯಲ್ಲಿ ಗುಮಾಸ್ತರಾಗಿ ಸೇರಿ, ಅಲ್ಲಿ ಕೆಲಸ ಕಲಿತು, ಮುಂದೆ ಸಾಗರಕ್ಕೆ ಬಂದರು. ಸಾಗರದಲ್ಲಿ ಅವರಿಗೆ ಕೆಲವು ವರ್ಷ ಸಂತೆ ಮೈದಾನದ ಉಸ್ತುವಾರಿಯಿತ್ತು. ಹಳ್ಳಿಗಳಿಂದ ಸೊಪ್ಪು ತರಕಾರಿ ಹೊತ್ತು ತರುವ ಹೆಂಗಸರು ಕೂರುತ್ತಿದ್ದ ಸಾಲಿಗೆ ಮಧ್ಯಾಹ್ನವಾದೊಡನೆ ಬಿಸಿಲು ನೇರವಾಗಿ ಹೊಡೆದು, ಸಂಜೆಯ ಗಿರಾಕಿ ಬರುವ ಹೊತ್ತಿಗೆ ಸೊಪ್ಪು ಬಾಡಿ ಹೋಗುತ್ತಿತ್ತಂತೆ. ದುಗ್ಗಪ್ಪನವರು ಎರಡು ಸಂತೆ ಸುಮ್ಮನೆ ಮೈದಾನದಲ್ಲಿ ನಿಂತು ನೋಡಿ, ಮೂರನೆಯ ಸಂತೆಗೆ ಸೊಪ್ಪಿನವರನ್ನು ಮರದ ನೆರಳಿನ ಕಡೆಗೂ, ಮೇಲೆ ಕ್ಯಾನ್‌ವಾಸ್ ಕಟ್ಟಿಕೊಂಡಿದ್ದ ಪಾತ್ರೆ ಪಗಡದ ಅಂಗಡಿಗಳನ್ನು ಬಿಸಿಲಿನ ಕಡೆಗೂ ಕೂರಿಸಿದರು. ಪಾತ್ರೆಯವರು ಮುಖ ಸಿಂಡರಿಸಿದರು. ಪಾತ್ರೆ ಬಾಡುವುದಿಲ್ಲವಾದ್ದರಿಂದ ಹೆಚ್ಚು ಮಾತಾಡಲು ಅವರಿಗೆ ಆಗಲಿಲ್ಲ. ಈ ಸಂಗತಿಯನ್ನು ನನಗೆ ಹೇಳಿದವರು ಸಾಗರದ ಪಾತ್ರೆ ವ್ಯಾಪಾರಿಯೊಬ್ಬರು, ಸಿಟ್ಟಿನಿಂದಲೇ ಹೇಳಿದರು.

ಅವರು ನಮ್ಮ ಹೊನ್ನೆಕೊಪ್ಪಕ್ಕೆ ಮುಖ್ಯಾಧಿಕಾರಿಗಳಾಗಿ ಬಂದದ್ದು ಸಾವಿರದ ಒಂಬೈನೂರ ಅರವತ್ತೈದರ ಮಳೆಗಾಲದಲ್ಲಿ. ಅವರು ಬಂದ ಕೆಲವೇ ದಿನಗಳಲ್ಲಿ ಪೇಟೆಬೀದಿಯ ಅಗಲೀಕರಣದ ನಕ್ಷೆ ಮೇಲಿನಿಂದ ಮಂಜೂರಾಗಿ ಬಂತು. ಮುಂದಿನದು ಅರ್ಥವಾಗಬೇಕಾದರೆ ಆಗಿನ ಪೇಟೆಬೀದಿ ಹೇಗಿತ್ತೆಂದು ಹೇಳಬೇಕು, ಏಕೆಂದರೆ ಈಗಿನ ಅಗಲವಾದ ಬೀದಿಯನ್ನು ನೋಡಿದವರು ನಂಬುವುದಿಲ್ಲ.

ನಮ್ಮ ಪೇಟೆಬೀದಿ ಉತ್ತರ ದಕ್ಷಿಣವಾಗಿ ಹೋಗುತ್ತದೆ. ಮೂಡಣ ಸಾಲಿನಲ್ಲಿ ಅಡಿಕೆ ಮಂಡಿಗಳು, ಬಟ್ಟೆ ಅಂಗಡಿಗಳು, ಬಂಗಾರದ ಕೆಲಸದವರು. ಪೂರ್ವಕ್ಕೆ ಮುಖ ಮಾಡಿದ ಅಂಗಡಿ ಶುಭವೆಂದು ನಮ್ಮವರು ಹೇಳುವುದುಂಟು. ಆದರೆ ಮೂಡಣ ಸಾಲಿನ ಹಿಂದೆ ಗಾಡಿ ನಿಲ್ಲಿಸಲು ವಿಶಾಲವಾದ ಹಿತ್ತಿಲುಗಳಿದ್ದುದರಿಂದ ಹಣವುಳ್ಳವರೆಲ್ಲ ಶುಭವನ್ನು ಬಿಟ್ಟು ಪಶ್ಚಿಮಕ್ಕೆ ಮುಖ ಮಾಡಿಯೇ ಕೂತಿದ್ದರು. ಎದುರಿನ ಪಡುವಣ ಸಾಲಿನ ಬೆನ್ನಿಗೆ ಕೆರೆಯ ಕಾಲುವೆ. ಆದ್ದರಿಂದ ಅಲ್ಲಿಯ ಅಂಗಡಿಗಳಿಗೆ ಆಳವಿಲ್ಲ. ಒಬ್ಬ ಆಳು ಕಾಲು ಚಾಚಿ ಮಲಗಿದರೆ ತಲೆ ಬಾಗಿಲಿಗೂ ಪಾದ ಹಿಂಗೋಡೆಗೂ ತಾಗುವಷ್ಟು ಜಾಗ. ದರ್ಜಿಗಳು, ಕ್ಷೌರಿಕರು, ಸೈಕಲ್ ರಿಪೇರಿಯವರು, ಮತ್ತು ಗುತ್ಯಮ್ಮ ಅಲ್ಲಿದ್ದರು. ಗುತ್ಯಮ್ಮ ಶರಾವತಿಯ ಅಣೆಕಟ್ಟಿನಲ್ಲಿ ಊರು ಮುಳುಗಿ ಗಂಡನನ್ನೂ ಕಳೆದುಕೊಂಡು ಇತ್ತ ಬಂದವಳು. ಆ ಸಾಲಿನ ನಡುವೆ ಅವಳದೊಂದು ಅವಲಕ್ಕಿ ಕಾಫಿಯ ಹೋಟೆಲು.

ಮಲೆನಾಡಿನ ಮಳೆ ಪಶ್ಚಿಮದಿಂದ ಬರುತ್ತದೆ. ಪಡುವಣ ಸಾಲಿನವರಿಗೆ ಅದು ಬೆನ್ನಿಗೆ ಬಿದ್ದರೆ ಮೂಡಣ ಸಾಲಿನವರಿಗೆ ಮುಖಕ್ಕೇ ಎರಚುತ್ತದೆ. ಅದಕ್ಕಾಗಿ ನಾವು ಜೂನ್ ಮೊದಲಲ್ಲಿ ಅಂಗಡಿಯ ಮುಂದೆ ಕಂಬ ನೆಟ್ಟು, ಅಡಿಕೆ ಮರ ಸೀಳಿದ ದಬ್ಬೆಯ ಚೌಕಟ್ಟಿಗೆ ಅಡಿಕೆ ಗರಿಯ ಸೋಗೆ ಬಿಗಿದ ತಟ್ಟಿಗಳನ್ನು ಗೋಡೆಯಂತೆ ನಿಲ್ಲಿಸಿ, ನಡುವೆ ಒಂದು ಬಾಗಿಲು ಬಿಟ್ಟು, ದೀಪಾವಳಿ ಬಂದಾಗ ಬಿಚ್ಚುವುದು ವಾಡಿಕೆ. ಸಾಲಿನಲ್ಲಿ ಎಲ್ಲರಿಗೂ ತಟ್ಟಿ ಕಟ್ಟುವವನು ಮಾರಪ್ಪ. ಹೋದ ವರ್ಷ ಕಂಬ ನೆಟ್ಟ ಗುಂಡಿಯ ಮಣ್ಣು ಸಡಿಲವಾಗಿರುತ್ತದೆ. ಅದರಲ್ಲಿ ಕಂಬ ಗಟ್ಟಿಯಾಗಿ ನಿಲ್ಲುವುದಿಲ್ಲ. ಆದ್ದರಿಂದ ಅವನು ಪ್ರತಿ ವರ್ಷ ಒಂದು ಗೇಣು ಮುಂದೆ ಹೊಸ ಗುಂಡಿ ತೋಡುತ್ತಿದ್ದ. ಹಿಂದೆ ತೋಡಲು ಜಗಲಿಯ ಕಲ್ಲು ಅಡ್ಡ ಬರುತ್ತಿತ್ತು. ಕೆಲವು ವರ್ಷ ಕಳೆದ ಮೇಲೆ ಜಗಲಿಗೂ ತಟ್ಟಿಗೂ ನಡುವೆ ನೀರು ನಿಲ್ಲತೊಡಗಿದಾಗ ಅಂಗಡಿಯವರು ಬೇಸಿಗೆಯಲ್ಲಿ ಜಗಲಿಯನ್ನೇ ಅಲ್ಲಿಯವರೆಗೆ ಚಾಚುತ್ತಿದ್ದರು. ಹೀಗೆ ನಮ್ಮ ಅಜ್ಜಂದಿರ ಕಾಲದಲ್ಲಿ ಎರಡು ಗಾಡಿ ಎದುರುಬದುರಾಗಿ ದಾಟುತ್ತಿದ್ದ ಬೀದಿಯಲ್ಲಿ, ಯಾರೂ ಯಾರ ಜಾಗವನ್ನೂ ಕದಿಯದೆ, ಒಂದು ಲಾರಿ ಹೋಗುವುದೂ ಕಷ್ಟವಾಯಿತು. ಅಣೆಕಟ್ಟಿನ ಕೆಲಸದ ಲಾರಿಗಳು ನಮ್ಮೂರಿನ ಮೇಲೆ ಹಾಯತೊಡಗಿದ ಮೇಲೆಯೇ ಬೀದಿ ಅಗಲ ಮಾಡುವ ಮಾತು ಬಂದದ್ದು.

ನಕ್ಷೆಗಾಗಿ ಅಳತೆ ಮಾಡಿದ್ದು ಅದಕ್ಕೆ ಹಿಂದಿನ ವರ್ಷದ ಆಷಾಢದಲ್ಲಿ. ಬಂದವನು ಬಯಲುಸೀಮೆಯ ಸರ್ವೆಯರು, ಮಲೆನಾಡಿನ ಮಳೆಯನ್ನು ಅದೇ ಮೊದಲ ಸಲ ಕಂಡವನು. ಕೊಡೆ ಹಿಡಿದುಕೊಂಡು ಒಂದು ಬದಿಯ ಗೋಡೆಯಿಂದ ಇನ್ನೊಂದು ಬದಿಯ ಗೋಡೆಗೆ ಅಳೆದ. ಮೂಡಣ ಸಾಲಿನಲ್ಲಿ ಅವನು ಗೋಡೆಯೆಂದುಕೊಂಡದ್ದು ನಮ್ಮ ತಟ್ಟಿಗಳನ್ನು. ತಟ್ಟಿಗಳಿಗೆ ಬಾಗಿಲಿದ್ದವು, ನನ್ನದಕ್ಕೆ ಅಂಗಡಿಯ ಹೆಸರಿನ ಬೋರ್ಡೂ ಇತ್ತು, ಪಾಪ ಅವನ ತಪ್ಪೇನೂ ಇಲ್ಲ. ಆದರೆ ತಟ್ಟಿಗಳು ನಿಜವಾದ ಗೋಡೆಗಿಂತ ಒಂದು ಮಾರಿಗೂ ಮಿಕ್ಕಿ ಬೀದಿಯೊಳಗಿದ್ದುದರಿಂದ ಬೀದಿಯ ನಡುಗೆರೆ ಪಡುವಣಕ್ಕೆ ಸರಿಯಿತು. ನಡುಗೆರೆಯಿಂದ ಎರಡೂ ಕಡೆ ಸಮನಾಗಿ ಅಗಲ ಮಾಡಬೇಕೆಂಬುದು ಯೋಜನೆ. ಅದರಂತೆ ಕೆಡವಿದರೆ ನಮಗೆ ಹೋಗುವುದು ಸೋಗೆ ತಟ್ಟಿ ಮತ್ತು ಜಗಲಿಯ ಒಂದು ಅಂಚು. ಎದುರಿನವರಿಗೆ ಹೋಗುವುದು ಅಂಗಡಿಯ ಅರ್ಧ. ಉಳಿದ ಅರ್ಧದಲ್ಲಿ ಹೊಲಿಗೆ ಯಂತ್ರವನ್ನೂ ಇಡುವಂತಿರಲಿಲ್ಲ, ಒಲೆಯನ್ನಂತೂ ಹೂಡುವಂತಿರಲಿಲ್ಲ.

ಇದು ಊರಿಗೆಲ್ಲ ಗೊತ್ತಿತ್ತು. ನಕ್ಷೆಯನ್ನು ಪುರಸಭೆಯ ಗೋಡೆಗೆ ಅಂಟಿಸಿದ ದಿನವೇ ಮೂಡಣ ಸಾಲಿನ ನಾವೆಲ್ಲ ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕಾಫಿ ಕುಡಿಯಲು ಹೋದೆವು. ಸಭೆಯಲ್ಲಿ ಬಹುಮತ ನಮ್ಮದೇ. ಅಧ್ಯಕ್ಷರಾಗಿದ್ದ ಶ್ರೀ ಅಂಜನಪ್ಪನವರದು ಸಾಲಿನಲ್ಲೇ ದೊಡ್ಡ ಮಂಡಿ. ಸರ್ಕಾರ ತಾನಾಗಿ ಕೊಟ್ಟದ್ದನ್ನು ಬೇಡವೆನ್ನುವ ವ್ಯಾಪಾರಿ ಎಲ್ಲಿಯಾದರೂ ಇದ್ದರೆ ಅವನ ಅಂಗಡಿಯಲ್ಲಿ ಸಾಲ ಮಾಡಲು ನಾನೂ ಹೋಗುತ್ತೇನೆ.

ದುಗ್ಗಪ್ಪನವರು ನಕ್ಷೆಯನ್ನು ನೋಡಿದವರೇ ಮೇಲಿನ ಕಚೇರಿಗೆ ಬರೆದರು. ಮಂಜೂರಾದ ನಕ್ಷೆಯನ್ನು ತಿದ್ದುವುದು ಸಾಧ್ಯವಿಲ್ಲ, ಆದರೆ ಗುರುತು ಹಾಕುವ ದಿನ ಎರಡೂ ಕಡೆ ಕಟ್ಟಡಗಳ ಮುಂಗೋಡೆ ಬೀದಿಯಲ್ಲಿ ನಿಂತವರಿಗೆ ಎಲ್ಲಿ ಕಾಣುತ್ತದೋ ಅಲ್ಲಿಂದ ನಡುಗೆರೆ ಹಿಡಿಯಬಹುದು, ಕೆಲಸ ಮಾತ್ರ ಮಾರ್ಚಿಯೊಳಗೆ ಶುರುವಾಗತಕ್ಕದ್ದು, ಇಲ್ಲವಾದರೆ ಅನುದಾನ ವಾಪಸಾಗುವುದು ಎಂದು ಉತ್ತರ ಬಂತು. ಅದನ್ನು ಅವರು ಸಭೆಯಲ್ಲಿ ಓದಿದರು.

"ಸರಿ ದುಗ್ಗಪ್ಪನೋರೆ, ನಾಳೆನೇ ಗುರುತು ಹಾಕ್ಸಿ," ಎಂದರು ಅಂಜನಪ್ಪನವರು.

"ದೀಪಾವಳಿಗೆ ಹ್ಯಾಗೂ ತಟ್ಟಿ ಬಿಚ್ತೀರಲ್ಲ ಸ್ವಾಮಿ. ಮಾರನೇ ದಿನ ಹಾಕ್ಸ್ತೀನಿ."

ಆಮೇಲೆ ಅಂಜನಪ್ಪನವರು ಎಲೆ ಅಡಿಕೆಯ ಬಾಯನ್ನು ಖಾಲಿ ಮಾಡಿಕೊಂಡು ಬಂದು ಕೇಳಿದರು: "ತಟ್ಟಿ ಯಾವತ್ತು ಬಿಚ್ಬೇಕು ಅಂತ ಮುನಿಸಿಪಾಲಿಟಿ ಕಾನೂನಲ್ಲಿ ಏನಾದ್ರೂ ಇದ್ಯಾ?"

"ಇಲ್ಲ."

"ಹಂಗಾದ್ರೆ ಈ ವರ್ಷ ಬಿಚ್ಚಲ್ಲ."

"ಆಗ್ಲಿ. ಕಾಯ್ತೀನಿ," ಎಂದರು ದುಗ್ಗಪ್ಪನವರು. ಕೋಪವಾಗಲಿ ವ್ಯಂಗ್ಯವಾಗಲಿ ಆ ಮಾತಿನಲ್ಲಿರಲಿಲ್ಲ. ಬಸ್ಸು ತಡವೆಂದು ತಿಳಿದಾಗ ಪ್ರಯಾಣಿಕರು ಹೇಳುವಂತೆ ಹೇಳಿದರು.

ಆ ವರ್ಷ ದೀಪಾವಳಿ ಬಂತು, ಹೋಯಿತು. ಮಳೆ ನಿಂತು ಆಕಾಶ ಬೆಳ್ಳಗಾಯಿತು. ಊರಿನ ಮನೆಗಳ ಮುಂದಿನ ತಟ್ಟಿಗಳೆಲ್ಲ ಬಿಚ್ಚಿ ಕೊಟ್ಟಿಗೆ ಸೇರಿದವು. ಪೇಟೆಬೀದಿಯ ಮೂಡಣ ಸಾಲು ಮಾತ್ರ ಸೋಗೆಯೊಳಗೆ ಕೂತಿತ್ತು. ಹಳ್ಳಿಯವರು ಬಂದು, "ಎಂತ ಒಡೆಯಾ, ಇನ್ನೂ ಮಳೆ ಬರೋದೈತಾ?" ಎಂದು ಕೇಳುತ್ತಿದ್ದರು. ನಾನು ಏನೋ ಒಂದು ಹೇಳುತ್ತಿದ್ದೆ.

ಆ ದಿನಗಳಲ್ಲೇ ಗುತ್ಯಮ್ಮ ಪುರಸಭೆಗೆ ಹೋದದ್ದು. ನಾನು ಬೇರೆ ಕೆಲಸಕ್ಕೆ ಅಲ್ಲೇ ಕೂತಿದ್ದೆ. ಅವಳು ನನ್ನನ್ನು ನೋಡಿದಳು, ನೋಡಿಯೂ ಹೇಳುವುದನ್ನು ಹೇಳಿದಳು.

"ಹೊಳೆ ಬಂತು ಅಂತ ಒಂದ್ಸಲ ಎದ್ದೆ ಸಾಹೇಬ್ರೆ. ಗದ್ದೆ ಬಿಟ್ಟೆ, ಮನೆ ಬಿಟ್ಟೆ, ಎಲ್ರೂ ಏಳ್ತಿದ್ರು, ನಾನೂ ಎದ್ದೆ. ಇಲ್ಲಿ ಹೊಳೆ ಇಲ್ಲ. ಈಗ ಎಂತಕ್ಕೆ ಏಳ್ಬೇಕು, ಅದೊಂದು ಹೇಳಿ. ಏಳು ಅಂದ್ರೆ ಏಳ್ತೀನಿ."

ದುಗ್ಗಪ್ಪನವರು, "ಇನ್ನೂ ಗುರುತು ಬಿದ್ದಿಲ್ಲ. ಹೋಗಿ ಒಲೆ ಹಚ್ಚು," ಎಂದರು. ಅವಳು ಸೆರಗಿನಲ್ಲಿ ಮುಚ್ಚಿ ತಂದಿದ್ದ ಕಾಫಿಯ ಲೋಟವನ್ನು ಮೇಜಿನ ಮೇಲಿಟ್ಟಳು. ಅವರು ಅದನ್ನು ನಯವಾಗಿ ಅವಳ ಕಡೆಗೇ ಸರಿಸಿದರು. ನಮ್ಮೂರಿನಲ್ಲಿದ್ದ ಅಷ್ಟು ವರ್ಷಗಳಲ್ಲಿ ಅವರು ಮೂಡಣ ಸಾಲಿನಲ್ಲೂ ಕಾಫಿ ಕುಡಿಯಲಿಲ್ಲ, ಪಡುವಣ ಸಾಲಿನಲ್ಲೂ ಕುಡಿಯಲಿಲ್ಲ. ಕೆಲಸದಲ್ಲಿರುವವರೆಗೆ ಬೇಡ ಎನ್ನುತ್ತಿದ್ದರು. ನನಗೆ ಇದು ಅತಿಯೆನಿಸಿತ್ತು, ಈಗಲೂ ಅನಿಸುತ್ತದೆ.

ಮುಂದಿನ ಸಭೆಯಲ್ಲಿ ಅಂಜನಪ್ಪನವರು ಇನ್ನೊಂದು ದಾರಿ ಹಿಡಿದರು. ತಟ್ಟಿಯೂ ಒಂದು ಗೋಡೆಯೇ ಆದ್ದರಿಂದ ಅಲ್ಲಿಂದಲೇ ಗುರುತು ಹಾಕಬೇಕೆಂದರು. ದುಗ್ಗಪ್ಪನವರು ಒಪ್ಪಿದರು. "ಸಭೆ ಹಾಗೇ ನಿರ್ಣಯ ಬರೆದುಕೊಡ್ಲಿ. ಗೋಡೆ ಅಂದ್ಮೇಲೆ ಅದರೊಳಗಿನ ಜಾಗ ಎಲ್ಲಾ ಕಟ್ಟಡ ಆಯ್ತು. ಬರೋ ವರ್ಷದಿಂದ ಅಷ್ಟಕ್ಕೂ ಕಂದಾಯ ಸೇರಿಸ್ತೀನಿ," ಎಂದರು. ಆ ನಿರ್ಣಯವನ್ನು ಮಂಡಿಸಲು ಯಾರೂ ಏಳಲಿಲ್ಲ. ಅದರ ಬದಲು ಮುಖ್ಯಾಧಿಕಾರಿಗಳನ್ನು ವರ್ಗ ಮಾಡಬೇಕೆಂಬ ನಿರ್ಣಯವನ್ನು ಅಂಜನಪ್ಪನವರು ಮಂಡಿಸಿದರು, ನಾನು ಅನುಮೋದಿಸಿದೆ, ಬಹುಮತದಿಂದ ಅಂಗೀಕಾರವಾಯಿತು. ಅದನ್ನು ಶುದ್ಧವಾದ ಅಕ್ಷರದಲ್ಲಿ ಬರೆಸಿ, ತಾವೇ ರುಜು ಹಾಕಿ, ಅಂದಿನ ಟಪಾಲಿನಲ್ಲೇ ಕಳುಹಿಸಿದವರು ದುಗ್ಗಪ್ಪನವರು.

ಮಾರ್ಚಿ ಹತ್ತಿರವಾಗುತ್ತಿತ್ತು. ಅನುದಾನ ವಾಪಸಾದರೆ ಹೊಣೆ ಅವರ ತಲೆಗೇ ಬರುತ್ತಿತ್ತು. ಗುರುತು ಹಾಕಿಬಿಟ್ಟರೆ ಯಾರೂ ಅವರನ್ನು ಕೇಳುತ್ತಿರಲಿಲ್ಲ, ನಕ್ಷೆಯಂತೆ ಮಾಡಿದೆನೆಂದು ಕೈ ತೊಳೆದುಕೊಳ್ಳಬಹುದಿತ್ತು. ಅವರು ದಿನವೂ ಬೆಳಗ್ಗೆ ಬೀದಿಯ ಈ ತುದಿಯಿಂದ ಆ ತುದಿಗೆ ನಡೆದು, ತಟ್ಟಿಗಳು ನಿಂತಿರುವುದನ್ನು ನೋಡಿ, ನಮಸ್ಕಾರ ಹೇಳಿ ಕಚೇರಿಗೆ ಹೋಗುತ್ತಿದ್ದರು. ಆ ನಮಸ್ಕಾರ ನನಗೆ ದಿನದಿನಕ್ಕೆ ಭಾರವಾಗತೊಡಗಿತು.

ಇನ್ನೊಂದು ಕಡೆ ವ್ಯಾಪಾರದ ಕತೆ. ಬಿಸಿಲುಗಾಲದಲ್ಲಿ ತಟ್ಟಿಯೊಳಗೆ ಕೂತವರಿಗೆ ಗೊತ್ತು, ಹೊರಗೆ ಬೆಳಕು ಹೆಚ್ಚಾದಷ್ಟೂ ಒಳಗೆ ಕತ್ತಲೆ ಹೆಚ್ಚು. ಒಣಗಿದ ಸೋಗೆಯಿಂದ ಪುಡಿ ಉದುರಿ ಬಿಳಿ ಬಟ್ಟೆಯ ಥಾನುಗಳೆಲ್ಲ ಕಂದಾದವು. ಮಾಘದ ಮದುವೆಗಳು ಶುರುವಾದಾಗ ಆನಂದಪುರದ ಕಡೆಯ ಪುಷ್ಪಮ್ಮನವರು, ನಮ್ಮ ತಂದೆಯ ಕಾಲದಿಂದಲೂ ನಮ್ಮಲ್ಲೇ ಕೊಳ್ಳುವ ಮನೆಯವರು, ಮಗಳ ಧಾರೆ ಸೀರೆಗೆಂದು ಬಂದರು. ಹಗಲಿನಲ್ಲಿ ಲಾಂದ್ರ ಹಚ್ಚಿಟ್ಟು ಸೀರೆ ಬಿಚ್ಚಿ ತೋರಿಸಿದೆ.

"ಇದು ಹಸಿರಾ ನೀಲಿಯಾ ನಾರಾಯಣಮೂರ್ತಿಗಳೇ?"

"ಹಸಿರೇ ಅಮ್ಮ."

"ನೀವು ಹೇಳ್ತೀರಿ, ನಂಗೆ ಕಾಣ್ಬೇಕಲ್ಲ," ಎಂದು ಅವರು ಸೀರೆಗಳನ್ನು ಮಡಿಲಿಗೆ ಎತ್ತಿಕೊಂಡು ತಟ್ಟಿಯ ಬಾಗಿಲು ದಾಟಿ ಬೀದಿಗಿಳಿದರು. ಬೀದಿಯನ್ನೂ ದಾಟಿ ಗುತ್ಯಮ್ಮನ ಹೋಟೆಲಿನ ಬೆಂಚಿನ ಮೇಲೆ ಬೆಳಕಿಗೆ ಹರಡಿದರು. ನನ್ನ ಸೀರೆಗಳ ಹಿಂದೆ ನಾನೂ ಹೋಗಬೇಕಾಯಿತು. ಗುತ್ಯಮ್ಮ ಬೆಂಚನ್ನು ಒರೆಸಿ ಕೊಟ್ಟಳು. ಪುಷ್ಪಮ್ಮನವರು ಬಣ್ಣ ನೋಡುತ್ತಿದ್ದಾಗ ನಾನು ಅದೇ ಬೆಂಚಿನ ತುದಿಯಲ್ಲಿ ಕೂತು ನನ್ನ ಅಂಗಡಿಯನ್ನು ಎದುರಿನಿಂದ ನೋಡಿದೆ. ಅಂಗಡಿ ಕಾಣಲಿಲ್ಲ, ಅರ್ಧ ಬೀದಿಯವರೆಗೆ ಬಂದು ನಿಂತ ಸೋಗೆ ಕಾಣಿಸಿತು. ಎಂಥ ದೊಡ್ಡದನ್ನು ನಿಲ್ಲಿಸಿದ್ದೇನಪ್ಪಾ ಎಂದುಕೊಂಡೆ. ಸೀರೆ ನೀಲಿಯಾಗಿತ್ತು, ವ್ಯಾಪಾರವೂ ಆಗಲಿಲ್ಲ.

ಮಾರನೆಯ ದಿನ ಮಾರಪ್ಪನನ್ನು ಕರೆಸಿ ತಟ್ಟಿ ಬಿಚ್ಚಿಸಿದೆ. ಇದನ್ನು ಯಾರೂ ಧರ್ಮದ ಕೆಲಸವೆಂದು ತಿಳಿಯಬಾರದು, ನಾನು ಸೀರೆ ಮಾರುವವನು. ಅಂಜನಪ್ಪನವರು ಮಂಡಿಯಿಂದ ಇಳಿದು ಬಂದು, "ಕೈ ಕೊಟ್ಯಲ್ಲ ಮಾರಾಯ," ಎಂದರು. "ನಿಮ್ಮ ಅಡಿಕೆಗೆ ಬಣ್ಣ ನೋಡೋರು ಚೀಲ ಬಿಚ್ಚಿ ನೋಡ್ತಾರೆ. ನನ್ನ ಸೀರೆಗೆ ಸೂರ್ಯನೇ ಬೇಕು," ಎಂದೆ. ವಾರ ಕಳೆಯುವುದರೊಳಗೆ ಬಂಗಾರದ ಕೆಲಸದವರು ಬಿಚ್ಚಿದರು, ಉಳಿದ ಬಟ್ಟೆಯವರು ಬಿಚ್ಚಿದರು. ಕೊನೆಗೆ ಮಂಡಿಯ ತಟ್ಟಿಯೊಂದೇ ಉಳಿಯಿತು. ಅದನ್ನು ಯಾರೂ ಬಿಚ್ಚಲಿಲ್ಲ. ಅಣೆಕಟ್ಟಿನ ಲಾರಿಯೊಂದು ಎದುರಿಗೆ ಬಂದ ಗಾಡಿಗೆ ದಾರಿ ಬಿಡಲು ಪಕ್ಕಕ್ಕೆ ಸರಿದದ್ದು, ಹಿಂಬದಿಯ ಕೊಂಡಿಗೆ ತಟ್ಟಿಯನ್ನು ಸಿಕ್ಕಿಸಿಕೊಂಡು ಸಾಗರದ ಕಡೆ ಹೊರಟೇಹೋಯಿತು. ಊರಿಗೆ ಊರೇ ನಕ್ಕಿತು. ನಗದವರು ಇಬ್ಬರು, ಅಂಜನಪ್ಪನವರು ಮತ್ತು ದುಗ್ಗಪ್ಪನವರು. ದುಗ್ಗಪ್ಪನವರು ಪುರಸಭೆಯ ಗಾಡಿಯನ್ನು ಕಳುಹಿಸಿ, ದಾರಿಯಲ್ಲಿ ಬಿದ್ದಿದ್ದ ತಟ್ಟಿಯನ್ನು ಎತ್ತಿಸಿ ತಂದು, ಮಂಡಿಯ ಹಿತ್ತಿಲಿಗೆ ಮುಟ್ಟಿಸಿದರು. ಆಮೇಲೆ ಗುರುತು ಹಾಕಿಸಿದರು.

ವರ್ಗಾವಣೆಯ ನಿರ್ಣಯದ ಬಗ್ಗೆ ಮೇಲಿನಿಂದ ವಿಚಾರಣೆ ಬಂದಾಗ ಅದನ್ನು ಕೈಬಿಡಬೇಕೆಂದು ಹೇಳಿದವರು ಅಂಜನಪ್ಪನವರೇ. "ನನ್ನ ತಟ್ಟಿ ತಂದು ಮನೆ ಮುಟ್ಸಿದ ಮನುಷ್ಯನ್ನ ನಾನು ಊರು ಬಿಡ್ಸಿದ್ರೆ ಜನ ಏನಂತಾರೆ," ಎಂದರು. ಅವರೂ ಸಣ್ಣ ಮನುಷ್ಯರಲ್ಲ. ಅದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾಗುತ್ತದೆ.

ಹೊಸ ಗುರುತಿನಂತೆ ಪಡುವಣ ಸಾಲಿನವರಿಗೆ ಹೋದದ್ದು ಬಾಗಿಲ ಮೆಟ್ಟಿಲು ಮತ್ತು ಸೂರಿನ ತುದಿ. ಮೂಡಣ ಸಾಲಿನವರಿಗೆ ಜಗಲಿಗಳು ಹೋದವು. ನನ್ನ ಜಗಲಿ ಸಾಲಿನಲ್ಲೇ ಚೆಂದದ್ದು, ಅದನ್ನು ಕಳೆದುಕೊಂಡದ್ದು ನನಗೆ ಈಗಲೂ ಸಂಕಟ. ಅದರ ತುದಿಯಲ್ಲಿ ಒಂದು ದೊಡ್ಡ ಚಪ್ಪಡಿಯಿತ್ತು. ಕೊನೆಯ ಕಾಲದಲ್ಲಿ ನಮ್ಮ ತಂದೆ ಅದರ ಮೇಲೆ ಕೂತು ಬೀದಿ ನೋಡುತ್ತಿದ್ದರು. ಕೆಡವುವ ಬೆಳಗ್ಗೆ ನಾನು ನೋಡಲಾರದೆ ಒಳಗೆ ಹೋಗಿ ಕೂತಿದ್ದೆ. ಹೊರಗೆ ಸುತ್ತಿಗೆಯ ಸದ್ದು ನಿಂತಿತು. ಬಂದು ನೋಡಿದರೆ ದುಗ್ಗಪ್ಪನವರು ಆಳುಗಳನ್ನು ನಿಲ್ಲಿಸಿ, ಆ ಚಪ್ಪಡಿಯನ್ನು ಒಡೆಯದೆ ಮೀಟಿಸಿ, ಉರುಳೆಗಳ ಮೇಲೆ ಒಳಗೆ ತರಿಸುತ್ತಿದ್ದರು. "ಹಿರಿಯರು ಕೂರೋ ಕಲ್ಲಂತೆ. ಒಳಬಾಗಿಲ ಹತ್ರ ಹಾಕ್ಕೊಳ್ಳಿ," ಎಂದರು. ಯಾರು ಹೇಳಿದ್ದರೋ, ನಾನಂತೂ ಹೇಳಿರಲಿಲ್ಲ. ನನಗೆ ಕಣ್ಣು ತುಂಬಿ ಬಂತು. ಈಗ ಗಿರಾಕಿಗಳು ಚಪ್ಪಲಿ ಬಿಡುವಾಗ ಅದೇ ಕಲ್ಲಿನ ಮೇಲೆ ಕೂರುತ್ತಾರೆ.

ಅವರು ಮಾಡಿದ್ದೆಲ್ಲ ಸರಿಯೆಂದು ನಾನು ಹೇಳುವುದಿಲ್ಲ. ಬಸ್ ನಿಲ್ದಾಣವನ್ನು ಕೆರೆಯ ಆಚೆಗೆ ಒಯ್ದದ್ದು ತಪ್ಪು. ಆ ಬಗ್ಗೆ ಸಭೆಯಲ್ಲಿ ನಾನಾಡಿದ ಮಾತಿನಲ್ಲಿ ಒಂದಕ್ಷರವನ್ನೂ ಹಿಂತೆಗೆದುಕೊಳ್ಳುವುದಿಲ್ಲ. ಬೀದಿಯ ಬದಿಗೆ ನೆಟ್ಟ ಗಿಡಗಳಲ್ಲಿ ಉಳಿದವು ಬೆರಳೆಣಿಕೆಯಷ್ಟು. ಆದರೆ ಬೀದಿ ಅಗಲವಾಯಿತು, ಲಾರಿಗಳು ಹಾದವು, ಯಾರ ಒಲೆಯೂ ಆರಲಿಲ್ಲ. ಬೇರೆ ಊರುಗಳ ಪೇಟೆ ಸುಧಾರಣೆಯನ್ನು ನೋಡಿ ಬಂದವನಾಗಿ ಹೇಳುತ್ತೇನೆ, ಈ ಮೂರೂ ಒಟ್ಟಿಗೆ ಆಗುವುದು ಅಪರೂಪ.

ಆಮೇಲಿನ ವರ್ಷಗಳಲ್ಲಿ ಅವರು ಒಂದು ಪದ್ಧತಿ ಇಟ್ಟುಕೊಂಡರು. ಜೂನ್ ಮೊದಲಲ್ಲಿ ಮಾರಪ್ಪ ಹಾರೆ ಹಿಡಿದು ಬಂದ ಬೆಳಗ್ಗೆ ಅವರೂ ಕೊಡೆ ಹಿಡಿದು ಬೀದಿಯ ನಡುವೆ ಬಂದು ನಿಲ್ಲುತ್ತಿದ್ದರು. ಅಳತೆಯ ಪಟ್ಟಿ ತರುತ್ತಿರಲಿಲ್ಲ, ಅಲ್ಲಿ ಹಾಕು ಇಲ್ಲಿ ಹಾಕು ಎನ್ನುತ್ತಿರಲಿಲ್ಲ. ಮಳೆ ಬಂದರೆ ಕೊಡೆ ಬಿಚ್ಚುತ್ತಿದ್ದರು ಅಷ್ಟೆ. ಸಾಲಿನ ಕೊನೆಯ ಕಂಬ ನೆಟ್ಟ ಮೇಲೆ ಕಚೇರಿಗೆ ಹೋಗುತ್ತಿದ್ದರು. ಅವರು ನಿಂತಿರುವಾಗ ಮಾರಪ್ಪ ಹಳೆಯ ಗುಂಡಿಗೇ ಕಂಬ ಇಳಿಸಿ, ಸುತ್ತಲೂ ಕಲ್ಲು ತುಂಬಿ ಗಿಡಿಯುತ್ತಿದ್ದ. ಕಂಬ ಗಟ್ಟಿಯಾಗಿಯೇ ನಿಲ್ಲುತ್ತಿತ್ತು.

ಈ ವರ್ಷದ ಮಾರ್ಚಿ ಕೊನೆಯಲ್ಲಿ ಅವರು ನಿವೃತ್ತರಾದರು. ಪುರಸಭೆಯ ಹಾಲಿನಲ್ಲಿ ಅಂಜನಪ್ಪನವರೇ ಹಾರ ಹಾಕಿದರು. ಭಾಷಣಗಳು ಮುಗಿದ ಮೇಲೆ ಬಾಗಿಲ ಬಳಿ ನಿಂತಿದ್ದ ಗುತ್ಯಮ್ಮ ಕೇಳಿದಳು: "ಸಾಹೇಬ್ರು ಊರಿಗೆ ಹೋದ್ರೆ ಮಳೆಗಾಲಕ್ಕೆ ತಟ್ಟಿ ನೋಡಾಕೆ ಯಾರ್ ಬರ್ತಾರೆ?"

"ನಾನು ನೋಡಿದ್ದೆಂತದು ಮಾರಾಯ್ತಿ, ನಿಂತ್ಕಂತಿದ್ದೆ ಅಷ್ಟೆ," ಎಂದರು ದುಗ್ಗಪ್ಪನವರು. "ನೀನು ದಿನಾ ಅಲ್ಲೇ ಇರ್ತೀಯಲ್ಲ."

ಜೂನ್ ಬಂತು. ಮಾರಪ್ಪ ಹಾರೆ ಹಿಡಿದು ನನ್ನ ಅಂಗಡಿಯ ಮುಂದೆ ನಿಂತು, ಹಳೆಯ ಗುಂಡಿಯನ್ನು ಕಾಲಿನಿಂದ ಕೆದಕಿ ನೋಡಿ, "ಮಣ್ಣು ಸಡ್ಲ ಆಗೈತೆ ಅಯ್ಯಾ. ಒಂದ್ ಗೇಣು ಮುಂದೆ ತೋಡ್ಲಾ?" ಎಂದ. ಇದು ಅವನು ನಮ್ಮ ತಂದೆಯನ್ನೂ ಕೇಳುತ್ತಿದ್ದ ಪ್ರಶ್ನೆ. ತೋಡು ಎನ್ನುವುದು ನಮ್ಮ ಮನೆಯ ರೂಢಿಯ ಉತ್ತರ. ನಾನು ಅಭ್ಯಾಸದಿಂದ ಬೀದಿಯ ನಡುವೆ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ದುಗ್ಗಪ್ಪನವರು ಹೊಸನಗರದ ಕಡೆ ತಮ್ಮನ ಮನೆಯಲ್ಲಿದ್ದರು. ಎದುರಿನ ಹೋಟೆಲಿನಿಂದ ಗುತ್ಯಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಬಾಗಿಲಲ್ಲಿ ನಿಂತಳು. ಅವಳು ನನ್ನನ್ನು ನೋಡಲಿಲ್ಲ, ಮಾರಪ್ಪನ ಹಾರೆಯನ್ನು ನೋಡುತ್ತಿದ್ದಳು.

"ಹಳೇ ಗುಂಡಿಗೇ ಹಾಕು. ಕಲ್ಲು ತುಂಬು," ಎಂದೆ.

ಶ್ರೀ ದುಗ್ಗಪ್ಪನವರಿಗೆ ಭಗವಂತನು ದೀರ್ಘಾಯುಷ್ಯವನ್ನೂ, ಊರೂರಿನ ಬೀದಿಗಳಲ್ಲಿ ನಿಂತು ನೋಡುವಷ್ಟು ಕಾಲಿನ ಬಲವನ್ನೂ ಕರುಣಿಸಲಿ. ಬರುವ ಜೂನಿನಲ್ಲಿ ಅವರು ಒಮ್ಮೆ ನಮ್ಮೂರಿಗೆ ಬರಬೇಕೆಂಬುದು ಎರಡೂ ಸಾಲಿನವರ ಆಸೆ. ಕೊಡೆ ತರುವ ಅಗತ್ಯವಿಲ್ಲ, ಬೀದಿಯ ನಡುವೆ ನಿಲ್ಲುವ ಅಗತ್ಯವೂ ಇಲ್ಲ. ಈಗ ಅವರು ಕೆಲಸದಲ್ಲಿಲ್ಲವಾದ್ದರಿಂದ ಗುತ್ಯಮ್ಮನ ಬೆಂಚಿನ ಮೇಲೆ ಕೂತು ನಿಶ್ಚಿಂತೆಯಿಂದ ಒಂದು ಲೋಟ ಕಾಫಿ ಕುಡಿಯಬಹುದು. ಕಂಬ ಹಳೆಯ ಗುಂಡಿಯಲ್ಲೇ ಇರುತ್ತದೆ.